ಕನ್ನಡಿ ಕೂರಿಸುವ ಕೆಲಸ

(ಪುಣೆಯ ಕೋಥರೂಡಿನಲ್ಲಿ ಕನ್ನಡಿಗರ ಸಣ್ಣ ಬಳಗವೊಂದರ ಮುಂದೆ ಭಾನುವಾರ ಬೆಳಿಗ್ಗೆ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನ ಭರದಲ್ಲಿ ಬಿಟ್ಟುಹೋಗಿದ್ದ ಕೆಲವು ಅಳತೆಗಳನ್ನು ಬರೆಯುವಾಗ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮೇಜಿನ ಮೇಲೆ ಮಲಗಿಸಿರುವ ಈ ಬಿಳಿಯ ಕೊಳವೆಯನ್ನು ನೋಡಿ, ಸಭಾಂಗಣದ ನಲ್ಲಿ ರಿಪೇರಿ ನಡೆಯುತ್ತಿದೆಯೇ ಎಂದು ಒಳಗೆ ಬರುವಾಗಲೇ ಇಬ್ಬರು ಕೇಳಿದರು. ಹಾಗೆ ಕೇಳಿದ್ದರಲ್ಲಿ ತಪ್ಪಿಲ್ಲ. ಇದು ಎಂಟು ಇಂಚಿನ ಪಿವಿಸಿ ಪೈಪೇ. ಆದರೆ ನಾನು ಅದನ್ನು ದೂರದರ್ಶಕವಾಗಿ ಮಾಡಿದ್ದೇನೆ. ಇದರ ತಳದಲ್ಲಿ ಆರು ಇಂಚಿನ, ಅಂದರೆ 150 ಮಿಲಿಮೀಟರ್ ಅಗಲದ ಒಂದು ಗಾಜಿನ ಕನ್ನಡಿ ಇದೆ. ಮೇಲಿನ ತುದಿಯ ಹತ್ತಿರ ಮೊಟ್ಟೆಯಾಕಾರದ ಇನ್ನೊಂದು ಪುಟ್ಟ ಕನ್ನಡಿ ಓರೆಯಾಗಿ ನಿಂತಿದೆ. ಇವೆರಡರ ನಡುವೆ ಗಾಳಿ ಬಿಟ್ಟರೆ ಬೇರೇನೂ ಇಲ್ಲ. ಇವತ್ತು ನಾನು ಹೇಳಬೇಕೆಂದಿರುವುದು ಆ ನಡುವಿನ ಗಾಳಿಯ ಬಗ್ಗೆ. ಅದು ಎಷ್ಟು ಉದ್ದವಿರಬೇಕು, ಅದರ ಎರಡು ತುದಿಗಳಲ್ಲಿರುವ ಕನ್ನಡಿಗಳು ಒಂದಕ್ಕೊಂದು ಹೇಗೆ ಮುಖ ಮಾಡಿರಬೇಕು ಎಂಬುದಷ್ಟೇ ಇವತ್ತಿನ ವಿಷಯ.

ನಾನು ಗದಗ ಜಿಲ್ಲೆಯವನು. ಚಿಂಚವಡದ ಕಡೆಯ ಕಾರ್ಖಾನೆಯೊಂದರ ಟೂಲ್ ರೂಮಿನಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿ ನಿವೃತ್ತನಾದೆ. ಖಗೋಳ ವಿಜ್ಞಾನ ಓದಿದವನಲ್ಲ. ಮೈಕ್ರೋಮೀಟರ್, ಡಯಲ್ ಗೇಜ್ ಹಿಡಿದು ಬದುಕಿದವನು. ಅದಕ್ಕಾಗಿಯೇ ಈ ಹವ್ಯಾಸ ನನ್ನನ್ನು ಇಷ್ಟು ಗಟ್ಟಿಯಾಗಿ ಹಿಡಿದುಕೊಂಡಿತು ಎಂದು ಕಾಣುತ್ತದೆ. ಯಂತ್ರವೇ ಇಲ್ಲದೆ, ಬರಿಗೈಯಿಂದ, ನಮ್ಮ ಟೂಲ್ ರೂಮಿನ ಯಾವ ಅಳತೆಗೂ ಸಿಗದಷ್ಟು ಸೂಕ್ಷ್ಮವಾದ ಮೇಲ್ಮೈಯನ್ನು ಮನೆಯ ಬಾಲ್ಕನಿಯಲ್ಲಿ ಮಾಡಬಹುದು ಎಂಬ ಮಾತನ್ನು ಮೊದಲು ಕೇಳಿದಾಗ ನಾನು ನಂಬಿರಲಿಲ್ಲ.

ಈ ಊರಿಗೂ ಕನ್ನಡಿಯ ದೂರದರ್ಶಕಕ್ಕೂ ಇರುವ ನಂಟು ಹಳೆಯದು. ಭಾವನಗರದ ಮಹಾರಾಜ ತಖ್ತಸಿಂಗಜಿಯವರ ನೆರವಿನಿಂದ ಪುಣೆಯ ಕಾಲೇಜ್ ಆಫ್ ಸೈನ್ಸ್‌ನಲ್ಲಿ 1880ರ ದಶಕದಲ್ಲಿ ಒಂದು ವೀಕ್ಷಣಾಲಯ ಎದ್ದಿತು. ಪ್ರೊಫೆಸರ್ ನಾಯಗಾಂವಾಲಾ ಅದನ್ನು ನಡೆಸಿದರು. ಅಲ್ಲಿದ್ದ 20 ಇಂಚಿನ ಪ್ರತಿಫಲನ ದೂರದರ್ಶಕ ಆ ಕಾಲಕ್ಕೆ ಇಡೀ ದೇಶದಲ್ಲೇ ದೊಡ್ಡದು. 1912ರಲ್ಲಿ ವೀಕ್ಷಣಾಲಯ ಮುಚ್ಚಿ ಉಪಕರಣಗಳೆಲ್ಲ ಕೊಡೈಕನಾಲಿಗೆ ಹೋದವು. ಆಮೇಲೆ 1944ರಲ್ಲಿ ಇಲ್ಲಿ ಹವ್ಯಾಸಿ ಖಗೋಳ ವೀಕ್ಷಕರ ಸಂಘವಾದ ಜ್ಯೋತಿರ್ವಿದ್ಯಾ ಪರಿಸಂಸ್ಥೆ ಹುಟ್ಟಿತು, 1988ರಲ್ಲಿ ವಿಶ್ವವಿದ್ಯಾಲಯದ ಆವರಣದಲ್ಲಿ ಖಗೋಳ ವಿಜ್ಞಾನದ ಸಂಶೋಧನಾ ಕೇಂದ್ರ ಐಯೂಕಾ ಬಂತು. ಐಯೂಕಾದ ಅಂಗಳದಲ್ಲಿ ಆರ್ಯಭಟ, ಗೆಲಿಲಿಯೊ, ಐನ್‌ಸ್ಟೈನರ ಜೊತೆ ನ್ಯೂಟನ್‌ನ ಪ್ರತಿಮೆಯೂ ಇದೆ. ಈ ಪೈಪಿನೊಳಗಿನ ಜೋಡಣೆ ಆ ಪುಣ್ಯಾತ್ಮನದೇ. 1668ರಲ್ಲಿ ಅವನು ಮಾಡಿದ ಮೊದಲ ದೂರದರ್ಶಕದ ಕನ್ನಡಿ ಒಂದೂಕಾಲು ಇಂಚಿಗಿಂತ ತುಸು ದೊಡ್ಡದು ಅಷ್ಟೇ, ಅದೂ ಲೋಹದ್ದು. ಅಷ್ಟು ಚಿಕ್ಕದಾದರೂ ಮಾದರಿ ಮಾತ್ರ ಮೂರೂವರೆ ಶತಮಾನದಿಂದ ಬದಲಾಗಿಲ್ಲ. ತಳದಲ್ಲಿ ಕುಳಿಯಾದ ದೊಡ್ಡ ಕನ್ನಡಿ ಬೆಳಕನ್ನು ಕೂಡಿಸಿ ಹಿಂದಕ್ಕೆ ಕಳಿಸುತ್ತದೆ. ಆ ಬೆಳಕು ಒಂದು ಬಿಂದುವಿಗೆ ಸೇರುವ ಮುನ್ನವೇ ಓರೆಗನ್ನಡಿ ಅದನ್ನು ಪಕ್ಕಕ್ಕೆ ತಿರುಗಿಸುತ್ತದೆ. ಪಕ್ಕದ ತೂತಿನಲ್ಲಿ ಕೂರಿಸಿದ ಐಪೀಸಿಗೆ ನಾವು ಕಣ್ಣಿಡುತ್ತೇವೆ.

ಕನ್ನಡಿ ಉಜ್ಜುವ ಬಗ್ಗೆ ಬಹಳ ಹೇಳುವುದಿಲ್ಲ. ಅದನ್ನು ಮಾಡಿ ಕಲಿಯಬೇಕು. ಎರಡು ಗಾಜಿನ ಬಿಲ್ಲೆಗಳ ನಡುವೆ ಕಾರ್ಬೊರಂಡಮ್ ಪುಡಿ, ನೀರು ಹಾಕಿ ಒಂದರ ಮೇಲೊಂದು ಉಜ್ಜುತ್ತ ಹೋದರೆ ಮೇಲಿನದು ಕುಳಿಯಾಗುತ್ತದೆ, ಕೆಳಗಿನದು ಉಬ್ಬುತ್ತದೆ. 80ನೇ ನಂಬರಿನ ಒರಟು ಪುಡಿಯಿಂದ ಶುರುಮಾಡಿ ಹಿಟ್ಟಿನಷ್ಟು ನಯವಾದ ಪುಡಿಯವರೆಗೆ ಬಂದು, ಕೊನೆಗೆ ಡಾಂಬರಿನಂಥ ಪಿಚ್ಚಿನ ಮೇಲೆ ಸೀರಿಯಂ ಆಕ್ಸೈಡ್ ಹಚ್ಚಿ ಹೊಳಪು ಕೊಡಬೇಕು. ನನಗೆ ಮೂರು ತಿಂಗಳು ಹಿಡಿಯಿತು. ಎಲ್ಲ ಮುಗಿದ ಮೇಲೆ ಈ ಕನ್ನಡಿಯ ನಡುವಿನ ಕುಳಿಯ ಆಳ ಎಷ್ಟು ಗೊತ್ತೇ? 1.2 ಮಿಲಿಮೀಟರ್. ಒಂದು ನಾಣ್ಯದ ದಪ್ಪವೂ ಇಲ್ಲ. ಕೊನೆಯ ಹಂತದಲ್ಲಿ ಗೋಳದ ಆಕಾರವನ್ನು, ಬೆಳಕನ್ನೆಲ್ಲ ಒಂದೇ ಬಿಂದುವಿಗೆ ಕೂಡಿಸುವ ಪರವಲಯಕ್ಕೆ (ಪ್ಯಾರಾಬೋಲಕ್ಕೆ) ತರುವಾಗ ಆಗುವ ವ್ಯತ್ಯಾಸ ಮಿಲಿಮೀಟರಿನ ಹತ್ತು ಸಾವಿರದಲ್ಲಿ ಮೂರು ಭಾಗ. ಕೂದಲಿನ ದಪ್ಪವನ್ನು ಇನ್ನೂರು ಪಾಲು ಮಾಡಿದರೆ ಒಂದು ಪಾಲಿನಷ್ಟು. ಇದನ್ನು ಅಳೆಯಲು ಫ್ರಾನ್ಸಿನ ಫೂಕೋ 1858ರಲ್ಲಿ ತೋರಿಸಿಕೊಟ್ಟ ವಿಧಾನಕ್ಕೆ ಬೇಕಾಗುವುದು ಒಂದು ಸಣ್ಣ ದೀಪ, ಒಂದು ಕ್ಷೌರದ ಬ್ಲೇಡು.

ಇಷ್ಟು ಕಷ್ಟಪಟ್ಟು ಗಾಜಿನಲ್ಲಿ ಗಳಿಸಿದ ನಿಖರತೆಯನ್ನು ಕನ್ನಡಿಯ ಹಿಂದಿನ ಒಂದು ಸ್ಕ್ರೂವಿನ ಅರ್ಧ ಸುತ್ತು ಹಾಳು ಮಾಡಬಲ್ಲದು. ಇದನ್ನು ಹೇಳುವುದಕ್ಕಾಗಿಯೇ ಇವತ್ತು ನಾನಿಲ್ಲಿಗೆ ಬಂದದ್ದು. ಉಜ್ಜುವುದನ್ನು ಎಲ್ಲರೂ ತಪಸ್ಸಿನಂತೆ ಮಾಡುತ್ತಾರೆ. ಕೂರಿಸುವುದನ್ನು ಮಾತ್ರ ಕೊನೆಯ ದಿನ, ಸಂಜೆ ಕತ್ತಲಾಗುವ ಮುಂಚೆ, ಅವಸರದಲ್ಲಿ ಮುಗಿಸುತ್ತಾರೆ. ಆಮೇಲೆ ನಕ್ಷತ್ರ ಬಾಲ ಬಿಟ್ಟುಕೊಂಡು ಕಂಡರೆ ಕನ್ನಡಿಯೇ ಕೆಟ್ಟಿದೆ ಎಂದು ಮತ್ತೆ ಉಜ್ಜಲು ಕೂರುತ್ತಾರೆ. ಒಳ್ಳೆಯ ಕನ್ನಡಿಯನ್ನು ಹೀಗೆ ಮತ್ತೆ ಉಜ್ಜಿ ನಿಜವಾಗಿಯೂ ಕೆಡಿಸಿದ್ದನ್ನು ನಾನು ಕಂಡಿದ್ದೇನೆ. ನನಗೆ ತುಂಬ ಸಂಕಟವಾಗಿತ್ತು.

ಮೊದಲು ದೂರದ ಮಾತು. ನಾನೇ ಎಡವಿದ್ದರಿಂದ ಇದನ್ನು ವಿವರವಾಗಿ ಹೇಳುತ್ತೇನೆ.

ಕನ್ನಡಿ ಉಜ್ಜಲು ಕುಳಿತಾಗ ನಾನು ಅಂದುಕೊಂಡ ಸಂಗಮದೂರ, ಅಂದರೆ ಕನ್ನಡಿಯಿಂದ ಬೆಳಕು ಕೂಡುವ ಬಿಂದುವಿಗಿರುವ ದೂರ, 1200 ಮಿಲಿಮೀಟರ್. ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಹಾಗೆಯೇ ಬರೆದಿದ್ದೆ. ಉಳಿದದ್ದು ಕೂಡು-ಕಳೆ ಲೆಕ್ಕ. ಪೈಪಿನ ನಡುಗೆರೆಯಿಂದ ಅದರ ಹೊರಮೈಗೆ 100 ಮಿಲಿಮೀಟರ್. ಅದರ ಮೇಲೆ ಕೂರುವ ಫೋಕಸರ್, ಅಂದರೆ ಐಪೀಸನ್ನು ಹಿಡಿದು ಏರಿಳಿಸುವ ಕೊಳವೆ, ಪೂರ್ತಿ ಇಳಿಸಿದಾಗ 50. ಐಪೀಸನ್ನು ಒಳಗೆ-ಹೊರಗೆ ಆಡಿಸಲು 15ರ ಅವಕಾಶ ಬೇಕು. ಒಟ್ಟು 165. ಅಂದರೆ ಓರೆಗನ್ನಡಿಯಿಂದ ಪಕ್ಕಕ್ಕೆ ತಿರುಗಿದ ಬೆಳಕು 165 ಮಿಲಿಮೀಟರ್ ಹೋದ ಮೇಲೆ ಬಿಂದುವಿಗೆ ಸೇರಬೇಕು. 1200ರಲ್ಲಿ 165 ಕಳೆದರೆ 1035. ಎರಡು ಕನ್ನಡಿಗಳ ನಡುವಿನ ದೂರ ಅದು. ಪೈಪ್ ಕೊಯ್ದೆ, ತೂತು ಕೊರೆದೆ, ಕನ್ನಡಿ ಕೂರಿಸಿದೆ. ಎಲ್ಲವೂ ಅರ್ಧ ಮಿಲಿಮೀಟರ್ ಒಳಗೆ ಕರಾರುವಾಕ್ಕು.

ಆ ರಾತ್ರಿ ಚಂದ್ರ ಸ್ಪಷ್ಟವಾಗಲೇ ಇಲ್ಲ. ಐಪೀಸನ್ನು ಒಳಗೆ ತಳ್ಳಿದಷ್ಟೂ ಅಂಚು ಚೂಪಾಗುತ್ತ ಬರುತ್ತಿತ್ತು. ಇನ್ನೇನು ಬಂತು ಎನ್ನುವಷ್ಟರಲ್ಲಿ ಫೋಕಸರ್ ತಳ ಮುಟ್ಟಿ ನಿಂತುಬಿಡುತ್ತಿತ್ತು. ನಿಮ್ಮಲ್ಲಿ ಯಾರಾದರೂ ಬಾವಿಯ ಹಗ್ಗ ಒಂದು ಗೇಣು ಸಾಲದೆ ಕೊಡ ನೀರಿನ ಮೇಲೆ ತೂಗಾಡುವುದನ್ನು ನೋಡಿದ್ದರೆ ಆ ರಾತ್ರಿಯ ನನ್ನ ಸ್ಥಿತಿ ಅರ್ಥವಾದೀತು.

ತಪ್ಪು ಎಲ್ಲಿತ್ತು? ಕನ್ನಡಿಯ ನಿಜವಾದ ಸಂಗಮದೂರ 1200 ಆಗಿರಲಿಲ್ಲ, 1170 ಆಗಿತ್ತು. ಆಮೇಲೆ ಲೆಕ್ಕ ಹಾಕಿ ನೋಡಿದೆ. ಕುಳಿಯ ಆಳದಲ್ಲಿ ಮಿಲಿಮೀಟರಿನ ನೂರರಲ್ಲಿ ಮೂರು ಭಾಗ ಹೆಚ್ಚಾದರೆ ಸಾಕು, ಬೆಳಕು ಕೂಡುವ ಜಾಗ ಮೂವತ್ತು ಮಿಲಿಮೀಟರ್ ಹತ್ತಿರಕ್ಕೆ ಬಂದುಬಿಡುತ್ತದೆ. ಒಂದಕ್ಕೆ ಸಾವಿರ! ಉಜ್ಜುತ್ತ ಉಜ್ಜುತ್ತ ಕುಳಿ ಸ್ವಲ್ಪ ಆಳವಾಗಿತ್ತು. ನಾನು ಗಾಜನ್ನು ಕೇಳುವ ಬದಲು ನೋಟ್‌ಬುಕ್ಕನ್ನು ನಂಬಿದ್ದೆ. ಬೆಳಕು ಓರೆಗನ್ನಡಿಯಿಂದ 135 ಮಿಲಿಮೀಟರ್ ದೂರದಲ್ಲೇ ಕೂಡುತ್ತಿತ್ತು. ನನ್ನ ಫೋಕಸರ್ 150ಕ್ಕಿಂತ ಕೆಳಗೆ ಇಳಿಯಲಾರದು.

ಪರಿಹಾರ ಸರಳ. ತಳದ ಕನ್ನಡಿಯನ್ನು ಪೈಪಿನೊಳಗೆ ಮೂವತ್ತು ಮಿಲಿಮೀಟರ್ ಮೇಲಕ್ಕೆ ತಂದೆ. ಇಲ್ಲಿ, ಹೊರಗಡೆ, ಮುಚ್ಚಿದ ಮೂರು ಹಳೆಯ ತೂತುಗಳು ಕಾಣುತ್ತಿವೆಯಲ್ಲ, ಅವು ಆ ರಾತ್ರಿಯ ಗುರುತು. ಅವುಗಳ ಮೇಲೆ ಬಣ್ಣ ಬಳಿಯಬಹುದಿತ್ತು, ಬಳಿಯಲಿಲ್ಲ. ನನ್ನ ಹತ್ತಿರ ಕಲಿಯಲು ಬರುವ ಮಕ್ಕಳಿಗೆ ಮೊದಲು ತೋರಿಸುವುದು ಅವನ್ನೇ.

ಹಾಗಾದರೆ ಸಂಗಮದೂರವನ್ನು ಅಳೆಯುವುದು ಹೇಗೆ? ಚಂದ್ರನಿದ್ದಾನೆ. ಹುಣ್ಣಿಮೆಯ ಆಚೀಚಿನ ದಿನ ಕನ್ನಡಿಯನ್ನು ತಾರಸಿಗೆ ಒಯ್ದು, ಗೋಡೆಗೆ ಒರಗಿಸಿ, ಚಂದ್ರನಿಗೆ ತುಸು ಓರೆಯಾಗಿ ಮುಖ ಮಾಡಿಡಿ. ಟ್ರೇಸಿಂಗ್ ಕಾಗದದ ಒಂದು ತುಂಡನ್ನು ಬೆಳಕು ಬರುವ ದಾರಿಯಲ್ಲಿ ಹಿಡಿದು ಹಿಂದೆ-ಮುಂದೆ ಸರಿಸಿ. ಹನ್ನೊಂದು ಮಿಲಿಮೀಟರಿನಷ್ಟು ಅಗಲದ, ಕಲೆಗಳ ಸಮೇತ ಒಬ್ಬ ಪುಟ್ಟ ಚಂದ್ರ ಕಾಗದದ ಮೇಲೆ ಮೂಡುತ್ತಾನೆ. ಬಿಂಬ ಅತ್ಯಂತ ಚೂಪಾಗಿರುವಲ್ಲಿ ನಿಲ್ಲಿಸಿ, ಕನ್ನಡಿಯ ನಡುವಿನಿಂದ ಕಾಗದಕ್ಕೆ ಟೇಪು ಹಿಡಿಯಿರಿ. ಐದು ಸಲ ಅಳೆದು ಸರಾಸರಿ ತೆಗೆಯಿರಿ. ಕನ್ನಡಿಗೆ ಅಲ್ಯೂಮಿನಿಯಂ ಲೇಪ ಆಗಿರಲೇಬೇಕೆಂದಿಲ್ಲ, ಬರಿಗಾಜು ತಿರುಗಿಸಿ ಕಳಿಸುವ ನೂರಕ್ಕೆ ನಾಲ್ಕು ಪಾಲು ಬೆಳಕೇ ಇದಕ್ಕೆ ಸಾಕು. ಸೂರ್ಯನಿಂದ ಮಾತ್ರ ಈ ಕೆಲಸ ಮಾಡಬೇಡಿ. ಕಣ್ಣೂ ಹೋಗುತ್ತದೆ, ಕಾಗದಕ್ಕೂ ಬೆಂಕಿ ಹತ್ತುತ್ತದೆ. ಲೇಪ ಮಾಡಿಸಿದ ಕನ್ನಡಿಯನ್ನು ಹಗಲು ಕಿಟಕಿಯ ಬಳಿ ತೆರೆದಿಡುವುದೂ ಅಪಾಯವೇ.

ಇನ್ನೊಂದು ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ನ್ಯೂಟನ್ ಮಾದರಿಯಲ್ಲಿ ಓರೆಗನ್ನಡಿ ಚಪ್ಪಟೆ. ಆದ್ದರಿಂದ ದೂರ ಹೆಚ್ಚುಕಡಿಮೆಯಾದರೆ ಬೆಳಕು ಕೂಡುವ ಜಾಗ ಬದಲಾಗುತ್ತದೆಯೇ ಹೊರತು ಬಿಂಬದ ಗುಣ ಕೆಡುವುದಿಲ್ಲ. ಕ್ಯಾಸಿಗ್ರೇನ್ ಮಾದರಿಯಲ್ಲಿ ಹಾಗಲ್ಲ, ಅಲ್ಲಿ ಚಿಕ್ಕ ಕನ್ನಡಿ ಚಪ್ಪಟೆಯಲ್ಲ, ಉಬ್ಬಿರುತ್ತದೆ. ಅದು ಬಿಂಬವನ್ನು ನಾಲ್ಕು ಪಟ್ಟು ಹಿಗ್ಗಿಸುವಂಥದ್ದಾದರೆ, ಅದನ್ನು ಒಂದು ಮಿಲಿಮೀಟರ್ ಸರಿಸಿದಾಗ ಬೆಳಕು ಕೂಡುವ ಜಾಗ ಹದಿನೇಳು ಮಿಲಿಮೀಟರ್ ಸರಿಯುತ್ತದೆ. ಸಾಲದ್ದಕ್ಕೆ ಬಿಂಬವೂ ಮಸುಕಾಗುತ್ತದೆ. ಮೊದಲ ದೂರದರ್ಶಕ ಮಾಡುವವರು ನ್ಯೂಟನ್ ಮಾದರಿಯನ್ನೇ ಹಿಡಿಯಿರಿ ಎಂದು ನಾನು ಹಟ ಹಿಡಿಯುವುದು ಇದೇ ಕಾರಣಕ್ಕೆ.

ದೂರದ ಲೆಕ್ಕ ತಪ್ಪುವುದು ನಮ್ಮಂಥವರಿಗೆ ಮಾತ್ರ ಬಂದ ಕಷ್ಟವಲ್ಲ. 1990ರ ಏಪ್ರಿಲ್‌ನಲ್ಲಿ ಹಬಲ್ ದೂರದರ್ಶಕ ಆಕಾಶಕ್ಕೇರಿತು. ಅದರ 2.4 ಮೀಟರ್ ಕನ್ನಡಿ ಜಗತ್ತಿನಲ್ಲೇ ಅತ್ಯಂತ ನಯವಾದವುಗಳಲ್ಲಿ ಒಂದು. ಆದರೂ ಬಂದ ಚಿತ್ರಗಳು ಮಸುಕು. ತನಿಖೆಯಲ್ಲಿ ತಿಳಿದದ್ದು ಇಷ್ಟು: ಕನ್ನಡಿಯನ್ನು ಉಜ್ಜುವಾಗ ಅದರ ಆಕಾರ ಪರೀಕ್ಷಿಸಲು ಎರಡು ಸಣ್ಣ ಕನ್ನಡಿ, ಒಂದು ಮಸೂರ ಇರುವ ಒಂದು ಉಪಕರಣವನ್ನು ಬಳಸಿದ್ದರು. ಅದರಲ್ಲಿ ಮಸೂರವಿದ್ದ ಜಾಗ 1.3 ಮಿಲಿಮೀಟರ್ ತಪ್ಪಿತ್ತು. ದೂರ ಅಳೆಯುವ ಸರಳಿನ ತುದಿಗೆ ಹಾಕಿದ್ದ ಟೊಪ್ಪಿಯ ಬಣ್ಣ ಒಂದು ಕಡೆ ಕಿತ್ತುಬಂದು, ಅಳತೆಯ ಬೆಳಕು ಸರಳಿನ ತುದಿಯಿಂದ ತಿರುಗಿ ಬರುವ ಬದಲು ಆ ಟೊಪ್ಪಿಯಿಂದಲೇ ತಿರುಗಿ ಬಂದಿತ್ತು. ತಪ್ಪಿದ ಅಳತೆಗೋಲಿಗೆ ಕರಾರುವಾಕ್ಕಾಗಿ ಹೊಂದುವಂತೆ ಕನ್ನಡಿಯನ್ನು ಉಜ್ಜಿದರು. ಅಂಚಿನಲ್ಲಿ ಸುಮಾರು ಎರಡು ಮೈಕ್ರಾನ್ ಹೆಚ್ಚು ಚಪ್ಪಟೆಯಾಯಿತು. ಅದನ್ನು ಸರಿಪಡಿಸಲು 1993ರ ಡಿಸೆಂಬರ್‌ನಲ್ಲಿ ಗಗನಯಾತ್ರಿಗಳೇ ಹೋಗಬೇಕಾಯಿತು. ಅಳತೆಯ ಕೆಲಸದಲ್ಲೇ ಆಯುಷ್ಯ ಕಳೆದವನಿಗೆ ಆ 1.3 ಮಿಲಿಮೀಟರ್ ಇವತ್ತಿಗೂ ಎದೆಗೆ ನಾಟುತ್ತದೆ.

ಇನ್ನು ಓರೆಗನ್ನಡಿ. ಬೆಳಕು ಕೂಡುವ ಜಾಗ 165 ಮಿಲಿಮೀಟರ್ ದೂರವಿರುವಾಗ, ಓರೆಗನ್ನಡಿಯ ಮೇಲೆ ಬೀಳುವ ಬೆಳಕಿನ ಶಂಕು ಅಲ್ಲಿ 21 ಮಿಲಿಮೀಟರ್ ಅಗಲ ಇರುತ್ತದೆ. ಅಷ್ಟೇ ಅಗಲದ ಕನ್ನಡಿ ಹಾಕಿದರೆ ನಟ್ಟನಡುವಿನ ಬಿಂದುವಿಗೆ ಮಾತ್ರ ಪೂರ್ತಿ ಬೆಳಕು ಸಿಗುತ್ತದೆ, ಚಂದ್ರನ ಅಂಚು ಮಂಕಾಗುತ್ತದೆ. ನಾನು 35 ಮಿಲಿಮೀಟರಿನದು ಹಾಕಿದ್ದೇನೆ. ಫೋಕಸರ್ ಗಿಡ್ಡವಾದಷ್ಟೂ ಓರೆಗನ್ನಡಿ ಚಿಕ್ಕದಾದರೆ ಸಾಕು. ಅದಕ್ಕೇ ಫೋಕಸರ್ ಆರಿಸುವಾಗ ಚೆಂದಕ್ಕಿಂತ ಎತ್ತರ ನೋಡಿ.

ಇಷ್ಟು ಹೇಳುವಾಗ ಮೊದಲ ಸಾಲಿನಲ್ಲಿ ಕುಳಿತಿದ್ದ ಹುಡುಗಿಯೊಬ್ಬಳು ಕೈ ಎತ್ತಿದಳು. ‘ಕಾಕಾ, ಓರೆಗನ್ನಡಿ ನಡುವೆ ಅಡ್ಡ ನಿಂತಿದೆಯಲ್ಲ, ಹಾಗಾದರೆ ಚಂದ್ರನ ನಡುವೆ ಕಪ್ಪು ತೂತು ಕಾಣಬೇಕಲ್ಲವೇ?’ ಬಹಳ ಒಳ್ಳೆಯ ಪ್ರಶ್ನೆ. ಕಾಣುವುದಿಲ್ಲ ಮಗಳೇ. ದೊಡ್ಡ ಕನ್ನಡಿಯ ಪ್ರತಿಯೊಂದು ಚೂರೂ ತಾನೇ ಇಡೀ ಚಂದ್ರನನ್ನು ಬರೆಯುತ್ತದೆ. ಎಲ್ಲ ಚೂರುಗಳು ಒಂದೇ ಜಾಗದಲ್ಲಿ ಒಂದೇ ಚಿತ್ರ ಬರೆಯುತ್ತವೆ. ನಡುವಿನ ಕೆಲವು ಚೂರುಗಳಿಗೆ ನೆರಳು ಬಿದ್ದರೆ ಚಿತ್ರದಲ್ಲಿ ತೂತಾಗುವುದಿಲ್ಲ, ಒಟ್ಟು ಬೆಳಕು ಮಾತ್ರ ಅಷ್ಟು ಕಡಿಮೆಯಾಗುತ್ತದೆ. ಇದರಲ್ಲಿ ಆಗುವ ನಷ್ಟ ನೂರಕ್ಕೆ ಐದರಷ್ಟು. ಆದರೆ ಐಪೀಸನ್ನು ಬೇಕೆಂದೇ ಸರಿಸಿ ನಕ್ಷತ್ರವನ್ನು ಮಸುಕು ಮಾಡಿದರೆ, ಆಗ ಆ ನೆರಳು ಕಾಣುತ್ತದೆ. ಅದನ್ನೇ ನಾವು ಆಮೇಲೆ ಕೆಲಸಕ್ಕೆ ಬಳಸಿಕೊಳ್ಳುತ್ತೇವೆ.

ಈಗ ಕನ್ನಡಿಗಳನ್ನು ಹೊಂದಿಸುವ ಕೆಲಸ. ಇದಕ್ಕೆ ಕಾಲಿಮೇಶನ್ ಎನ್ನುತ್ತಾರೆ. ನಮ್ಮ ಕಡೆಯವರಿಗೆ ತಂಬೂರಿಯ ಉದಾಹರಣೆ ಕೊಟ್ಟರೆ ಬೇಗ ತಿಳಿಯುತ್ತದೆ. ಗದಗದಿಂದ ಬಂದು ಈ ಊರನ್ನೇ ತಮ್ಮದಾಗಿಸಿಕೊಂಡ ಭೀಮಸೇನ ಜೋಶಿಯವರು 1953ರಲ್ಲಿ ಶುರುಮಾಡಿದ ಸವಾಯಿ ಗಂಧರ್ವ ಉತ್ಸವಕ್ಕೆ ನಿಮ್ಮಲ್ಲಿ ಬಹಳ ಜನ ಪ್ರತಿ ಡಿಸೆಂಬರ್ ಹೋಗುವವರೇ. ವೇದಿಕೆಯ ಮೇಲೆ ತಂಬೂರಿ ಕೂಡಿಸುವುದನ್ನು ಗಮನಿಸಿ. ಮೊದಲು ಬಿರಡೆ ತಿರುಗಿಸಿ ಸ್ವರದ ಹತ್ತಿರ ತರುತ್ತಾರೆ. ಆಮೇಲೆ ಮಣಿ ಸರಿಸಿ ಸ್ವರಕ್ಕೆ ಕೂರಿಸುತ್ತಾರೆ. ಕೊನೆಗೆ ನಾದ ಝೇಂಕರಿಸುವಂತೆ ತಂತಿಯಡಿ ಜವಾರಿಯ ಎಳೆ. ಮೊದಲೇ ಮಣಿಗೆ ಕೈಹಾಕಿದರೆ ಇಡೀ ರಾತ್ರಿ ಕೂಡಿಸುತ್ತಲೇ ಇರಬೇಕು. ಇಲ್ಲಿಯೂ ಹಾಗೆಯೇ. ಓರೆಗನ್ನಡಿ ಬಿರಡೆ, ದೊಡ್ಡ ಕನ್ನಡಿ ಮಣಿ, ನಕ್ಷತ್ರ ಜವಾರಿ. ಕ್ರಮ ತಪ್ಪಬಾರದು.

ಬೇಕಾಗುವ ಉಪಕರಣ ಇದು, ನೋಡಿ. ಫೋಕಸರ್ ಒಳಗೆ ಸಡಿಲವಿಲ್ಲದೆ ಕೂರುವಂತೆ ಲೇತಿನಲ್ಲಿ ತಿರುಗಿಸಿದ 31.7 ಮಿಲಿಮೀಟರಿನ ನೈಲಾನ್ ಬೂಚು, ನಟ್ಟನಡುವೆ ಎರಡು ಮಿಲಿಮೀಟರಿನ ತೂತು. ನಮ್ಮ ಕಣ್ಣನ್ನು ನಡುವಿಗೆ ಕಟ್ಟಿಹಾಕುವುದಷ್ಟೇ ಇದರ ಕೆಲಸ. ಲೇತ್ ಇಲ್ಲದವರು ಫೋಕಸರಿನ ಧೂಳುಮುಚ್ಚಳದ ನಡುವೆ ತೂತು ಮಾಡಿಕೊಂಡರೂ ನಡೆಯುತ್ತದೆ. ಮತ್ತೆ ದೊಡ್ಡ ಕನ್ನಡಿಯ ನಡುವಿಗೆ ಒಂದು ಗುರುತು ಬೇಕು. ಕನ್ನಡಿಯಷ್ಟೇ ದೊಡ್ಡ ಕಾಗದದ ವೃತ್ತ ಕತ್ತರಿಸಿ, ನಾಲ್ಕು ಮಡಿಕೆ ಮಾಡಿ, ಮಡಿಕೆಗಳು ಕೂಡುವಲ್ಲಿ ಸೂಜಿಯಿಂದ ಚುಚ್ಚಿ, ಕನ್ನಡಿಯ ಮೇಲೆ ಹಗುರವಾಗಿ ಇಟ್ಟು, ಆ ಜಾಗದಲ್ಲಿ ಫೈಲಿನ ತೂತಿಗೆ ಅಂಟಿಸುವ ಕಾಗದದ ಉಂಗುರವನ್ನು ಅಂಟಿಸಿ. ಹೊಳೆಯುವ ಕನ್ನಡಿಯ ಮೇಲೆ ಅಂಟು ಹಚ್ಚಲು ನನ್ನ ಕೈ ಹತ್ತು ನಿಮಿಷ ನಡುಗಿತ್ತು. ಭಯ ಬೇಡ. ಆ ಜಾಗ ಹೇಗೂ ಓರೆಗನ್ನಡಿಯ ನೆರಳಿನಲ್ಲೇ ಇರುತ್ತದೆ.

ತೂತಿಗೆ ಕಣ್ಣಿಟ್ಟಾಗ ಕಾಣುವುದು ವೃತ್ತದೊಳಗೆ ವೃತ್ತ. ಮೊದಲ ಸಲ ನೋಡುವವನಿಗೆ ತಲೆ ಸುತ್ತುತ್ತದೆ. ಹೊರಗಿನಿಂದ ಒಳಕ್ಕೆ ಬನ್ನಿ. ಎಲ್ಲಕ್ಕಿಂತ ಹೊರಗೆ ಫೋಕಸರ್ ಕೊಳವೆಯ ಅಂಚು. ಅದರೊಳಗೆ ಓರೆಗನ್ನಡಿಯ ಅಂಚು. ಮೊಟ್ಟೆಯಾಕಾರದ ಆ ಕನ್ನಡಿ 45 ಡಿಗ್ರಿ ಓರೆಯಲ್ಲಿ ನಿಂತಾಗ ನಮಗೆ ಗುಂಡಗೆ ಕಾಣಬೇಕು. ಗುಂಡಗೆ ಕಾಣದಿದ್ದರೆ ಅದು ತಿರುಚಿಕೊಂಡಿದೆ, ಫೋಕಸರಿನ ನಡುವಿಗೆ ಬಾರದಿದ್ದರೆ ಕೊಳವೆಯಲ್ಲಿ ಮೇಲೋ ಕೆಳಗೋ ಇದೆ. ಇದನ್ನು ಮೊದಲು ಸರಿಮಾಡಿ. ಆಗ ಫೋಕಸರಿನ ಎದುರು ಪೈಪಿನ ಒಳಗೋಡೆಗೆ ಬಿಳಿ ಕಾಗದ, ಎರಡು ಕನ್ನಡಿಗಳ ನಡುವೆ ಬಣ್ಣದ ಕಾಗದ ಇಟ್ಟುಕೊಂಡರೆ ಅಂಚುಗಳು ಬಿಡಿಸಿ ಕಾಣುತ್ತವೆ. ಆಮೇಲೆ ಓರೆಗನ್ನಡಿಯೊಳಗೆ ಇಣುಕಿ. ದೊಡ್ಡ ಕನ್ನಡಿಯ ಬಿಂಬ ಅಲ್ಲಿದೆ. ಅದನ್ನು ಹಿಡಿದಿರುವ ಮೂರು ಕ್ಲಿಪ್ಪುಗಳೂ ಸಮನಾಗಿ ಕಾಣುವವರೆಗೆ ಓರೆಗನ್ನಡಿಯ ಹಿಂದಿನ ಮೂರು ಸಣ್ಣ ಸ್ಕ್ರೂಗಳನ್ನು ತಿರುಗಿಸಿ. ಒಂದು ಬಿಗಿ ಮಾಡುವ ಮೊದಲು ಇನ್ನೊಂದು ಸಡಿಲಿಸಿ. ಪೈಪನ್ನು ಮಲಗಿಸಿಯೇ ಈ ಕೆಲಸ ಮಾಡಿ, ನಿಲ್ಲಿಸಬೇಡಿ. ಕೈಜಾರಿದ ಕೀಲಿ ನೇರವಾಗಿ ದೊಡ್ಡ ಕನ್ನಡಿಯ ಮೇಲೆ ಬೀಳುತ್ತದೆ.

ಇಷ್ಟಾದ ಮೇಲೆಯೇ ದೊಡ್ಡ ಕನ್ನಡಿಯ ಸರದಿ. ಅದರ ಬಿಂಬದೊಳಗೆ ಓರೆಗನ್ನಡಿಯ ಕಪ್ಪು ನೆರಳು ಕಾಣುತ್ತದೆ, ಅದರ ನಡುವೆ ಬೆಳಗುವ ಒಂದು ಚುಕ್ಕಿ: ನಮ್ಮ ಬೂಚಿನ ತೂತು. ನಮ್ಮ ಕಣ್ಣೇ ನಮ್ಮನ್ನು ನೋಡುತ್ತಿರುತ್ತದೆ. ಹಿಂದಿನ ಮೂರು ಸ್ಕ್ರೂಗಳನ್ನು ಆಡಿಸಿ ಆ ಚುಕ್ಕಿಯನ್ನು ಕಾಗದದ ಉಂಗುರದೊಳಗೆ ತಂದು ಕೂರಿಸಬೇಕು. ಇಬ್ಬರಿದ್ದರೆ ಒಳ್ಳೆಯದು. ಒಬ್ಬರು ಕಣ್ಣಿಡುವುದು, ಇನ್ನೊಬ್ಬರು ಸ್ಕ್ರೂ ತಿರುಗಿಸುವುದು. ನಮ್ಮ ಮನೆಯಲ್ಲಿ ಸ್ಕ್ರೂ ನನ್ನ ಹೆಂಡತಿಯದು. ಅವಳ ಕೈ ನನ್ನದಕ್ಕಿಂತ ನಿಧಾನ.

ನಿಧಾನ ಎಂದೆ. ಏಕೆಂದು ಹೇಳುತ್ತೇನೆ. ನನ್ನ ಸ್ಕ್ರೂಗಳು ಸಾಮಾನ್ಯ ಎಂ6. ಒಂದು ಪೂರ್ತಿ ಸುತ್ತಿಗೆ ಒಂದು ಮಿಲಿಮೀಟರ್ ಮುಂದೆ ಹೋಗುತ್ತವೆ. ಮೂರೂ ಸ್ಕ್ರೂಗಳು ನಡುವಿನಿಂದ 60 ಮಿಲಿಮೀಟರ್ ದೂರದಲ್ಲಿವೆ. ಒಂದನ್ನು ಒಂದು ಸುತ್ತು ತಿರುಗಿಸಿದರೆ ಕನ್ನಡಿ ಅರ್ಧ ಡಿಗ್ರಿಗಿಂತ ತುಸು ಹೆಚ್ಚು ವಾಲುತ್ತದೆ. ಅರ್ಧ ಡಿಗ್ರಿ ಏನು ಮಹಾ ಎನ್ನಬೇಡಿ. ಅಷ್ಟರಿಂದ ಕನ್ನಡಿಯ ಅಕ್ಷ ಐಪೀಸಿನ ಬಳಿ 13 ಮಿಲಿಮೀಟರ್ ಪಕ್ಕಕ್ಕೆ ಸರಿದಿರುತ್ತದೆ. ಪರವಲಯದ ಕನ್ನಡಿ ನಿಜಕ್ಕೂ ಚೂಪಾದ ಬಿಂಬ ಕೊಡುವುದು ಆ ಅಕ್ಷದ ಸುತ್ತಲಿನ ಸಣ್ಣ ವೃತ್ತದಲ್ಲಿ ಮಾತ್ರ. ನನ್ನದರಲ್ಲಿ ಅದು ಸುಮಾರು ಒಂದು ಸೆಂಟಿಮೀಟರ್ ಅಗಲ, ಅಂದರೆ ನಡುವಿನಿಂದ ಅತ್ತಿತ್ತ ಐದು ಮಿಲಿಮೀಟರ್. ಅರ್ಧ ಸುತ್ತಿಗೆ ಆರೂವರೆ ಮಿಲಿಮೀಟರ್ ಹೋದರೆ ಆ ವೃತ್ತದಿಂದ ಹೊರಬಿದ್ದಂತೆ. ಮೂರು ತಿಂಗಳ ದುಡಿಮೆ ಹಾಳಾಗುತ್ತದೆ ಎಂದು ಮೊದಲು ಹೇಳಿದ್ದು ಇದನ್ನೇ. ನನ್ನ ಕನ್ನಡಿಯ ಸಂಗಮದೂರ ಅದರ ಅಗಲದ ಸುಮಾರು ಎಂಟು ಪಟ್ಟು. ಕೆಲವರು ಗಿಡ್ಡ ಪೈಪಿನ ಆಸೆಗೆ ಐದು ಪಟ್ಟಿನದು ಮಾಡುತ್ತಾರೆ. ಆಗ ಆ ವೃತ್ತ ಮೂರು ಮಿಲಿಮೀಟರೂ ಉಳಿಯುವುದಿಲ್ಲ. ಮೊದಲ ಸಲಕ್ಕೆ ಎಂಟು ಪಟ್ಟಿಗಿಂತ ಕೆಳಗೆ ಇಳಿಯಬೇಡಿ. ಉದ್ದನೆಯ ಪೈಪನ್ನು ಹೊತ್ತು ತಾರಸಿ ಹತ್ತುವ ಕಷ್ಟವನ್ನು ಉಳಿದೆಲ್ಲ ಅನುಕೂಲಗಳೂ ತೀರಿಸುತ್ತವೆ.

ಲೇಸರ್ ಇಟ್ಟು ಹೊಂದಿಸಬಹುದಲ್ಲ ಎಂದು ಕೇಳುತ್ತಾರೆ. ಹೊಂದಿಸಬಹುದು. ಆದರೆ ಆ ಲೇಸರ್ ತಾನೇ ನೆಟ್ಟಗಿದೆಯೇ ಎಂದು ಮೊದಲು ನೋಡಿ. ಫೋಕಸರ್ ಒಳಗೆ ಅದನ್ನು ನಿಧಾನವಾಗಿ ಒಂದು ಸುತ್ತು ತಿರುಗಿಸಿ. ಕನ್ನಡಿಯ ಮೇಲಿನ ಕೆಂಪು ಚುಕ್ಕಿ ನಿಂತಲ್ಲೇ ನಿಂತರೆ ಸರಿ, ವೃತ್ತ ಬರೆದರೆ ಅದನ್ನು ಪಕ್ಕಕ್ಕಿಡಿ. ನಾನಂತೂ ಬೂಚಿನ ತೂತನ್ನೇ ನಂಬುತ್ತೇನೆ.

ಕ್ಲಿಪ್ಪಿನ ಬಗ್ಗೆಯೂ ಒಂದು ಮಾತು. ಕನ್ನಡಿಯನ್ನು ಯಾರೂ ಬಿಗಿಯಾಗಿ ಹಿಡಿಯಬಾರದು. ಕ್ಲಿಪ್ಪಿಗೂ ಗಾಜಿಗೂ ನಡುವೆ ಒಂದು ಪೋಸ್ಟ್ ಕಾರ್ಡ್ ಸರಾಗವಾಗಿ ಹೋಗಿಬರುವಷ್ಟು ಜಾಗ ಇರಬೇಕು. ಬಿಗಿದರೆ ಗಾಜು ಮೂರು ಕಡೆ ನಲುಗಿ ನಕ್ಷತ್ರ ಮುಕ್ಕೋನವಾಗಿ ಕಾಣುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿಯ ಮಳೆಗಾಲದಲ್ಲಿ ಕನ್ನಡಿ ಕೂರಿಸಿದ ಪ್ಲೈವುಡ್ ತೇವ ಹೀರಿ ಉಬ್ಬುತ್ತದೆ. ನವರಾತ್ರಿಯ ಹೊತ್ತಿಗೆ ಪೆಟ್ಟಿಗೆ ತೆರೆದಾಗ ಮೊದಲು ನೋಡಬೇಕಾದ್ದು ಈ ಸಂದನ್ನೇ.

ಕೊನೆಯದು ನಕ್ಷತ್ರ. ಇದಕ್ಕೆ ಧ್ರುವನಿಗಿಂತ ಒಳ್ಳೆಯ ನಕ್ಷತ್ರ ಇಲ್ಲ, ಏಕೆಂದರೆ ಅದು ಓಡುವುದಿಲ್ಲ. ಬೇರೆ ನಕ್ಷತ್ರವಾದರೆ ನೀವು ಸ್ಕ್ರೂವಿಗೆ ಕೈಹಾಕಿ ಬರುವಷ್ಟರಲ್ಲಿ ಐಪೀಸಿನಿಂದ ಜಾರಿಹೋಗಿರುತ್ತದೆ. ಪುಣೆಯಲ್ಲಿ ಧ್ರುವ ಉತ್ತರದ ದಿಗಂತದಿಂದ ಹದಿನೆಂಟೂವರೆ ಡಿಗ್ರಿ ಮಾತ್ರ ಮೇಲಿರುತ್ತದೆ. ಉತ್ತರಕ್ಕೆ ಎತ್ತರದ ಕಟ್ಟಡ ಇಲ್ಲದ ತಾರಸಿ ಹುಡುಕಿಕೊಳ್ಳಿ. ಕನ್ನಡಿ ಹೊರಗಿನ ಚಳಿಗೆ ಹೊಂದಿಕೊಳ್ಳಲು ಒಂದು ಗಂಟೆ ಬಿಡಿ. ಹತ್ತು ಮಿಲಿಮೀಟರಿನ ಐಪೀಸ್ ಹಾಕಿ, ನಕ್ಷತ್ರವನ್ನು ನಡುವಿಗೆ ತಂದು, ಫೋಕಸನ್ನು ಸ್ವಲ್ಪ ತಪ್ಪಿಸಿ. ಚುಕ್ಕಿ ಹಿಗ್ಗಿ ಬಳೆಯೊಳಗೆ ಬಳೆ ಇಟ್ಟಂತೆ ಉಂಗುರಗಳಾಗುತ್ತದೆ, ನಡುವೆ ಓರೆಗನ್ನಡಿಯ ನೆರಳು. ಆ ಹುಡುಗಿ ಕೇಳಿದ ಕಪ್ಪು ತೂತು ಇದೇ. ಅದು ನಟ್ಟನಡುವೆ ಇದ್ದರೆ ಮುಗಿಯಿತು. ಒಂದು ಕಡೆ ಸರಿದಿದ್ದರೆ, ದೂರದರ್ಶಕವನ್ನು ಮೆಲ್ಲಗೆ ಆಡಿಸಿ ನಕ್ಷತ್ರವನ್ನು ಐಪೀಸಿನ ಒಂದೊಂದು ಅಂಚಿಗೂ ಒಯ್ದು ನೋಡಿ. ಯಾವುದೋ ಒಂದು ಕಡೆ ಉಂಗುರಗಳು ಸಮನಾಗುತ್ತವೆ. ನಕ್ಷತ್ರವನ್ನು ಅಲ್ಲಿ ಬಿಟ್ಟು, ಈಗ ದೊಡ್ಡ ಕನ್ನಡಿಯ ಸ್ಕ್ರೂಗಳಿಂದಲೇ ಅದನ್ನು ನಡುವಿಗೆ ಕರೆತನ್ನಿ. ಎರಡು ಮೂರು ಸಲ ಹೀಗೆ ಮಾಡಿದರೆ ಸಾಕು. 2022ರ ಫೆಬ್ರುವರಿಯಲ್ಲಿ ಜೇಮ್ಸ್ ವೆಬ್ ದೂರದರ್ಶಕದ ಹದಿನೆಂಟು ಕನ್ನಡಿಗಳನ್ನು ಹೊಂದಿಸಲು ಶುರುಮಾಡಿದಾಗಲೂ ಹೀಗೆ ಒಂದೇ ನಕ್ಷತ್ರವನ್ನು ಹಿಡಿದುಕೊಂಡಿದ್ದರು. ಸಪ್ತರ್ಷಿ ಮಂಡಲದ ಮಂಕು ನಕ್ಷತ್ರ ಅದು. ಮೊದಲು ಒಂದೇ ನಕ್ಷತ್ರ ಹದಿನೆಂಟಾಗಿ ಕಂಡಿತ್ತು. ಹೊಂದಿಸುವ ಕೈ ಭೂಮಿಯ ಮೇಲಿತ್ತು, ಕನ್ನಡಿಗಳು ಹದಿನೈದು ಲಕ್ಷ ಕಿಲೋಮೀಟರ್ ದೂರದಲ್ಲಿದ್ದವು ಎಂಬುದಷ್ಟೇ ವ್ಯತ್ಯಾಸ.

ಧ್ರುವನನ್ನು ಆರಿಸಲು ಇನ್ನೊಂದು ಕಾರಣವಿದೆ. ಅದರ ಪಕ್ಕದಲ್ಲಿ ಒಂದು ಸಣ್ಣ ಜೊತೆಗಾರ ನಕ್ಷತ್ರವಿದೆ. ಬರಿಗಣ್ಣಿಗೆ ಕಾಣದು. 1779ರಲ್ಲಿ ವಿಲಿಯಂ ಹರ್ಷೆಲ್ ತಾನೇ ಮಾಡಿಕೊಂಡ ಕನ್ನಡಿ ದೂರದರ್ಶಕದಿಂದ ಅದನ್ನು ಕಂಡುಹಿಡಿದ. ಅವನು ಆಗ ವೃತ್ತಿಯಿಂದ ಸಂಗೀತಗಾರ. ಕನ್ನಡಿ ಹೊಂದದಿದ್ದರೆ ಧ್ರುವನ ಬೆಳಕು ಹರಡಿ ಆ ಜೊತೆಗಾರನನ್ನು ನುಂಗಿಬಿಡುತ್ತದೆ.

ತೂತುಗಳನ್ನು ಸರಿಪಡಿಸಿ, ಕನ್ನಡಿಯನ್ನು ಮೇಲಕ್ಕೆ ಕೂರಿಸಿ, ಎರಡನೆಯ ಸಲ ತಾರಸಿಗೆ ಒಯ್ದದ್ದು ಡಿಸೆಂಬರ್‌ನ ಒಂದು ರಾತ್ರಿ. ಉಂಗುರಗಳನ್ನು ಸಮ ಮಾಡುವಷ್ಟರಲ್ಲಿ ಹನ್ನೊಂದಾಗಿತ್ತು. ಫೋಕಸ್ ಮಾಡಿ ನಾನು ಏನೂ ಹೇಳದೆ ಪಕ್ಕಕ್ಕೆ ಸರಿದೆ. ಹೆಂಡತಿ ಶಾಲು ಹೊದ್ದುಕೊಂಡು ಬಾಗಿ ಕಣ್ಣಿಟ್ಟಳು. ಬಹಳ ಹೊತ್ತು ಮಾತಿಲ್ಲ. ಆಮೇಲೆ ‘ರೀ, ಪಕ್ಕದಲ್ಲಿ ಸೂಜಿಮೊನೆಯಷ್ಟು ಇನ್ನೊಂದು ಇದೆಯಲ್ಲ’ ಎಂದಳು.

ನಾನು ಹಿಂದೆ ಹೋಗಿ, ಸ್ಕ್ರೂಗಳು ಜರುಗದಂತೆ ಹಿಡಿಯುವ ಮೂರು ಚೆಕ್ ನಟ್‌ಗಳನ್ನು ಒಂದೊಂದಾಗಿ ಬಿಗಿ ಮಾಡಿದೆ. ಬಿಗಿಯುವಾಗಲೂ ಕನ್ನಡಿ ಜರುಗುವುದುಂಟು, ಹಾಗಾಗಿ ಪ್ರತಿ ಸಲವೂ ‘ಇದೆಯೇ?’ ಎಂದು ಕೇಳುತ್ತಿದ್ದೆ. ಕಣ್ಣು ತೆಗೆಯದೆಯೇ ಅವಳು ಮೂರು ಸಲವೂ ‘ಇದೆ’ ಎಂದಳು.